ಎಷ್ಟನೇ

ಟೆಂಡರ್ ಮುಗಿದು ತಕ್ಕಡಿ ಸುಮ್ಮನಾದ ಮೇಲೆ
ಬ್ಯಾಡಗಿಯ ದಲಾಲಿ ಅಂಗಡಿ ಮಾಳಿಗೆಯಲ್ಲಿ ನನ್ನ ಕ್ಲಾಸು.
ಬೆಂಚಿಲ್ಲ. ಖಾಲಿ ಚೀಲ ಮಡಚಿ ಕೂಡುತ್ತಾರೆ.
ರೇಟು ಬರೆಯುವ ಹಲಗೆಯೇ ನನಗೂ ಹಲಗೆ:
ಮೇಲೆ ಕಡ್ಡಿ, ಡಬ್ಬಿ, ಗುಂಟೂರು, ಇವತ್ತಿನ ದರ,
ಅಳಿಸಬಾರದೆಂದು ಸಾವಕಾರರ ಕಟ್ಟಪ್ಪಣೆ;
ಕೆಳಗೆ ಉಳಿದ ಗೇಣಗಲದಲ್ಲಿ ಇಂಗ್ಲಿಷು.

ಮೊದಲ ಹತ್ತು ನಿಮಿಷ ಬರೀ ಸೀನು.
ಘಾಟು ನನಗಿಂತ ಮುಂಚೆ ಮೆಟ್ಟಿಲೇರಿ ಬಂದಿರುತ್ತದೆ.

ತುಂಬು ಬಿಡಿಸುವ ಫಕ್ಕೀರವ್ವ ಕೇಳಿದಳು:
“ಚಾನೂ ಹಾಟ್, ಮೆಣಸಿನಕಾಯೂ ಹಾಟ್,
ಹಂಗಾರ ನಾಲಿಗಿ ಹೆಂಗ ತಿಳಕೋಬೇಕ್ರಿ ಅಕ್ಕೋರ?”
ಸ್ಪೈಸಿ ಅನ್ನು, ಅಂದೆ.
ಅಂಗೈ ಚಾಚಿದಳು. “ಮತ್ತ ಇದು?
ರಾತ್ರಿ ಕೂಸಿನ ಮಾರಿ ಮುಟ್ಟಾಕ ಬರಂಗಿಲ್ಲ,
ಇದು ಹಾಟೋ, ಸ್ಪೈಸಿಯೋ?”
ಬರ್ನಿಂಗ್ ಅಂತ ಬರೆದೆ.
“ಅದು ಬಣವಿಗೆ ಬೆಂಕಿ ಹತ್ತಿದಾಗ ಅನ್ನೂದಲ್ರಿ?” ಅಂದು
ಕೈ ಸೆರಗಿನಲ್ಲಿ ಸುತ್ತಿಕೊಂಡಳು.
ಉರಿ ಅನ್ನುವ ಎರಡಕ್ಷರಕ್ಕೆ
ಆ ಸಂಜೆ ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ.

ಹಮಾಲಿ ನಿಂಗರಾಜನದು ಒಂದೇ ಹಟ:
ಈ ‘ದಿ’ ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು.
ನನ್ನ ಬಿ.ಎ. ನೋಟ್ಸಿನಲ್ಲಿ ಹನ್ನೊಂದು ನಿಯಮ.
ಒಂದೂ ಅವನ ತಲೆಗೆ ಹೋಗಲಿಲ್ಲ,
ಖರೆ ಹೇಳಬೇಕೆಂದರೆ ನನ್ನ ತಲೆಗೂ.
ಕಡೆಗೆ ಕಿಟಕಿಗೆ ಕರೆದು ತೋರಿಸಿದೆ:
ಟ್ರ್ಯಾಕ್ಟರಿನಿಂದ ಇಳಿಯುವಾಗ ಅದು ‘ಅ’ ಚೀಲ, ಯಾವುದೋ ಒಂದು.
ಲಾಟ್ ನಂಬರಿನ ಚೀಟಿ ಬಿತ್ತೋ, ‘ದಿ’ ಚೀಲ.
“ಹಮಾಲನೂ ಹಂಗ ಏನ್ರಿ?” ಹಿಂದಿನಿಂದ ಯಾರೋ ನಕ್ಕರು.
ನಿಂಗರಾಜ ನಗಲಿಲ್ಲ.
ತೋಳಿಗೆ ಕಟ್ಟಿದ ಬಿಲ್ಲೆಯ ನಂಬರು ಸವರಿ ನೋಡಿಕೊಂಡ.

ಯೂ ಅಂದರೆ ನೀನೂ ಹೌದು, ನೀವೂ ಹೌದು ಅಂದ ದಿನ
ಯಾರೂ ಸೀನಲಿಲ್ಲ.
“ಸಾವಕಾರಗೂ ಯೂ?”
ಸಾವಕಾರಗೂ.
“ಅವರ ನಾಯಿಗೂ?”
ನಾಯಿಗೂ.
ಇಳಿದು ಹೋಗುವಾಗ ಗಲ್ಲೆಯ ಮುಂದೆ
ಒಬ್ಬೊಬ್ಬರೂ ತುಟಿಯೊಳಗೇ ಅಂದುಕೊಂಡು ಹೋದರು,
ಯೂ, ಯೂ.
ಸಾವಕಾರರು ಜಂತಿ ಕಡೆ ನೋಡಿದರು,
ಪಾರಿವಾಳ ಒಳಗೆ ಬಂತೇನೋ ಅಂತ.

ಸಾಕವ್ವ ಬಾಯಿ ಬಿಟ್ಟದ್ದು ಮೂರನೆಯ ವಾರ.
ಮಸಾಲೆ ಫ್ಯಾಕ್ಟರಿಯಲ್ಲಿ ಅವಳಿಗೆ ಇಂಟರ್‌ವ್ಯೂ.
“ಮನಿ ಕಡೆ ಕೇಳತಾರಂತ್ರಿ, ನೀ ಎಷ್ಟನೇ ಮಗಳು ಅಂತ.
ಇಂಗ್ಲಿಷಿನ್ಯಾಗ ಅದನ್ನ ಹೆಂಗ ಕೇಳತಾರ?”
‘ಹೌ ಮೆನಿ’ ಬರೆದೆ, ಒರೆಸಿದೆ.
‘ವಿಚ್’ ಬರೆದೆ, ಒರೆಸಿದೆ. ಆ ಭರದಲ್ಲಿ
ಗುಂಟೂರಿನ ದರದ ಒಂದು ಸೊನ್ನೆಯೂ ಹೋಯಿತು.
ಹಾವೇರಿಯ ನಮ್ಮ ಸರ್‌ಗೆ ಫೋನ್ ಹಚ್ಚಿದೆ.
ಕೆಮ್ಮಿದರು. “ಆ ಭಾಷೆಯಲ್ಲಿ ಆ ಪ್ರಶ್ನೆನೇ ಇಲ್ಲವ್ವ,
ಸುತ್ತಿ ಬಳಸಿ ಕೇಳಬೇಕು.”

ಇಲ್ಲ, ಅಂದೆ. ನೇರ ಕೇಳಲಿಕ್ಕೆ ಬರೋದಿಲ್ಲ.

“ಖರೇನ್ರಿ?”
ಐದನೆಯದೂ ಹೆಣ್ಣಾದಾಗ
ದೇವರಿಗೆ ಬರೆದ ಅರ್ಜಿಯ ಹಾಗೆ ಇಟ್ಟ ಹೆಸರು;
ಅದನ್ನು ಹೇಳಿದರೆ ಸಾಕು, ಊರಿಗೆ ಎಣಿಕೆ ಗೊತ್ತಾಗುತ್ತಿತ್ತು.
“ಯಾರಿಗೂ ಕೇಳಾಕ ಬರಂಗಿಲ್ಲ?”
ಯಾರಿಗೂ.
ಪಟ್ಟಿಯಲ್ಲಿ ಅವಳು ಏನೂ ಬರೆದುಕೊಳ್ಳಲಿಲ್ಲ.
ಎರಡು ಗೆರೆ ಖಾಲಿ ಬಿಟ್ಟು ಪೆನ್ನು ಮುಚ್ಚಿದಳು.

ಸೋಮವಾರ ಸಾವಕಾರರು ಆ ಸೊನ್ನೆಗೆ ಬೈದರು.
ಮಂಗಳವಾರ ಸಾಕವ್ವ ಬಂದಳು, ಚೀಲ ಮಡಚಿ ಕೂತಳು.
“ಇಂಟರ್‌ವ್ಯೂ ಬರೇ ಕನ್ನಡದಾಗ ಇತ್ರಿ ಅಕ್ಕೋರ.
ಎಷ್ಟನೇದಾಕಿ ಅಂತ ಕೇಳೇ ಕೇಳಿದ್ರು.”
ಏನಂದಿ?
“ಇಂಗ್ಲಿಷಿನ್ಯಾಗ ಕೇಳ್ರಿ, ಹೇಳತೇನಿ ಅಂದೆ.”
ಆಮೇಲೆ?
“ಹೌ... ಹೌ... ಅಂತ ಕುಂತರ್ರಿ ಪಾಪ,”
ಅಂದು, ಜೋರಾಗಿ ಒಂದು ಸೀನು ಸೀನಿದಳು.